ನೀರಿನ ಕೊಳವೆಯ ಬೆವರು

ಮನೆಯೊಳಗಣ ನೀರಿನ ಕೊಳವೆ ಒದ್ದೆಯಾಗಿ, ಅದರಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕುವುದನ್ನು ಅನೇಕ ಗೃಹಸ್ಥರು ಕಂಡಿರಬಹುದು. ಕಂಡೊಡನೆ ಕೊಳವೆ ಸೋರುತ್ತಿದೆಯೆಂದು ನಿಶ್ಚಯಿಸಿ, ಕೆಲಸಗಾರನನ್ನು ಕರೆಯಿಸಿ ಗೋಡೆ ಒಡೆಯಿಸುವವರೂ ಉಂಟು. ಹಣ ವ್ಯಯವಾಗಿ, ಹೊಸ ಕೊಳವೆ ಬಂದರೂ ತೇವ ಮಾತ್ರ ಹೋಗುವುದಿಲ್ಲ. ರೋಗನಿದಾನವೇ ತಪ್ಪಿದ ಮೇಲೆ ಔಷಧವೇನು ಮಾಡೀತು? ಆದುದರಿಂದ ಈ ನೀರು ಎಲ್ಲಿಂದ ಬಂದಿತೆಂಬುದನ್ನು ಮೊದಲು ವಿಚಾರಿಸುವುದು ಯುಕ್ತ.

ತಣ್ಣೀರು ತುಂಬಿದ ಮಣ್ಣಿನ ಮಡಕೆಯ ಹೊರಮೈ ಒದ್ದೆಯಾಗಿರುತ್ತದೆ. ತಣ್ಣೀರು ತುಂಬಿದ ಹಿತ್ತಾಳೆಯ ಚೊಂಬಿನ ಹೊರಮೈಯೂ ಕೆಲವೊಮ್ಮೆ ಒದ್ದೆಯಾಗುತ್ತದೆ. ನೋಡುವುದಕ್ಕೆ ಎರಡೂ ಒಂದೇ. ಕಾರಣಗಳು ಮಾತ್ರ ಬೇರೆ. ಮಡಕೆಯ ನೀರು ಮಣ್ಣಿನ ಸೂಕ್ಷ್ಮರಂಧ್ರಗಳ ಮೂಲಕ ಒಳಗಿನಿಂದ ಬಂದದ್ದು. ಚೊಂಬಿಗೆ ರಂಧ್ರವಿಲ್ಲ, ಅದರ ಮೇಲಣ ನೀರು ಸುತ್ತಲಿನ ಗಾಳಿಯಿಂದ ಬಂದದ್ದು. ಸೋರುವ ಕೊಳವೆ ಮಡಕೆಯಂತೆ, ಬೆವರುವ ಕೊಳವೆ ಚೊಂಬಿನಂತೆ.

ಗಾಳಿಯಲ್ಲಿ ಯಾವಾಗಲೂ ಅಷ್ಟಿಷ್ಟು ನೀರಾವಿ ಇದ್ದೇ ಇರುತ್ತದೆ. ಒಂದು ಘನ ಮೀಟರ್ ಜಾಗದಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಮಾರು 30 ಗ್ರಾಂ ಆವಿ ಇರಬಲ್ಲುದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಬೆಚ್ಚನೆಯ ಗಾಳಿ ತಣ್ಣನೆಯ ಲೋಹವನ್ನು ಮುಟ್ಟಿ ತಂಪಾದಾಗ, ಹೆಚ್ಚಾದ ಆವಿ ಹನಿಯಾಗಿ ಅಲ್ಲಿಯೇ ನಿಲ್ಲುತ್ತದೆ. ಸಂಸ್ಕೃತದಲ್ಲಿ ತುಷಾರವೆಂದು ಕರೆಯುವ ಇಬ್ಬನಿ ಹುಲ್ಲಿನ ಮೇಲೆ ಕೂಡುವುದೂ ಹೀಗೆಯೇ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬವರು 1814ರಲ್ಲಿ ಇಬ್ಬನಿಯ ವಿಷಯವಾಗಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವನ್ನು ಪ್ರಯೋಗಪೂರ್ವಕವಾಗಿ ವಿವರಿಸಿದರು.

ನಮ್ಮ ಮಲೆನಾಡಿನಲ್ಲಿ ಹಿಂದೆ ಅಡಕೆಯ ದಬ್ಬೆಗಳಲ್ಲಿ ಹರಿದು ಬರುತ್ತಿದ್ದ ಅಬ್ಬಿ ನೀರು ಈಗ ಅನೇಕ ಮನೆಗಳಿಗೆ ಕೊಳವೆಯಲ್ಲಿ ಬರುತ್ತದೆ. ಗುಡ್ಡದ ನೀರು ತಣ್ಣಗಿರುತ್ತದೆ; ಒಳಗೆ ಅಡಿಗೆಯ ಹಬೆ, ಬಚ್ಚಲಿನ ಹಂಡೆಯ ಹಬೆ, ಮಳೆಗಾಲದಲ್ಲಿ ಮನೆಯೊಳಗೇ ಹರವಿದ ಬಟ್ಟೆಯ ತೇವ. ಇಂತಹ ಕಡೆ ಕಬ್ಬಿಣದ ಕೊಳವೆ ಬೆವರದಿದ್ದೀತೆ? ಈ ಬೆವರನ್ನು ಉಪೇಕ್ಷಿಸಿದರೆ ಕೊಳವೆ ತುಕ್ಕು ಹಿಡಿಯುತ್ತದೆ, ತೊಲೆ ಕೊಳೆಯುತ್ತದೆ, ಗೋಡೆಗೆ ಬೂಷ್ಟು ಹತ್ತುತ್ತದೆ. ಕೊಳವೆ ಉಗ್ರಾಣದ ಮೇಲೆ ಹಾದಿದ್ದರೆ ವರ್ಷದ ಅಕ್ಕಿಯೇ ಕೆಡಬಹುದು.

ಸೋರಿಕೆಯೋ ಬೆವರೋ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೊಳವೆಯನ್ನು ಚೆನ್ನಾಗಿ ಒರಸಿ ಒಣಗಿಸಿ, ಒದ್ದೆಯಾಗುವ ಕಡೆ ಒಂದು ಮೊಳದಷ್ಟು ಉದ್ದಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ, ಅಂಚುಗಳನ್ನು ಅಂಟುಪಟ್ಟಿಯಿಂದ ಮುಚ್ಚಬೇಕು. ಕೆಲವು ಗಂಟೆಗಳ ಮೇಲೆ ಹಾಳೆಯ ಹೊರಗೆ ಹನಿ ಕಂಡರೆ ಅದು ಗಾಳಿಯ ನೀರು. ಹಾಳೆಯ ಒಳಗೆ ನೀರು ತುಂಬಿದರೆ ಅದು ಸೋರಿಕೆ.

ಬೆವರೆಂದು ತಿಳಿದರೆ ಪ್ರತೀಕಾರ ಸುಲಭ: ಗಾಳಿಗೂ ತಣ್ಣನೆಯ ಲೋಹಕ್ಕೂ ಸ್ಪರ್ಶವಾಗದಂತೆ ಮಾಡತಕ್ಕದ್ದು. ಇದಕ್ಕೆ ಗೋಣಿಯನ್ನೋ ಹಳೆಯ ಬಟ್ಟೆಯನ್ನೋ ಸುತ್ತುವ ರೂಢಿಯುಂಟು; ಅದು ಹಿತವಲ್ಲ. ಗಾಳಿ ಅದರೊಳಗೆ ನುಸುಳಿ ನೀರಾಗುತ್ತದೆ. ಆ ನೀರನ್ನು ಬಟ್ಟೆ ಹೀರಿ ಸದಾ ಒದ್ದೆಯಾಗಿದ್ದು ತುಕ್ಕಿಗೆ ನೆರವಾಗುತ್ತದೆ. ಹವಾನಿಯಂತ್ರಣ ಯಂತ್ರದ ಕೊಳವೆಗಳಿಗೆ ತೊಡಿಸುವ ಕಪ್ಪು ರಬ್ಬರಿನ ಮೆತ್ತನೆಯ ಹೊದಿಕೆ ಅಂಗಡಿಗಳಲ್ಲಿ ದೊರೆಯುತ್ತದೆ. ಅದು ನೀರನ್ನು ಹೀರದು. ಕೊಳವೆಯ ಸುತ್ತಳತೆಗೆ ಸರಿಯಾದುದನ್ನು, ಸುಮಾರು ಅರ್ಧ ಅಂಗುಲ ದಪ್ಪದ್ದನ್ನು ಆರಿಸಬಹುದು. ತೊಡಿಸುವ ಮೊದಲು ತುಕ್ಕನ್ನು ಕೆರೆದು, ಬಣ್ಣ ಬಳಿದು, ಪೂರ್ತಿಯಾಗಿ ಒಣಗಿಸಬೇಕು. ಉದ್ದನೆಯ ಸೀಳನ್ನೂ ತುಂಡುಗಳು ಕೂಡುವ ಸಂದುಗಳನ್ನೂ ಅಂಟುಪಟ್ಟಿಯಿಂದ ಬಿಗಿಯಾಗಿ ಮುಚ್ಚಬೇಕು. ತಿರುವುಗಳನ್ನೂ ಗೋಡೆಯ ಹಿಡಿಕೆಗಳನ್ನೂ ಬಿಡಬಾರದು. ಬಿಟ್ಟ ಗೇಣುದ್ದದಲ್ಲಿ ಬೆವರು ಮತ್ತೆ ತೊಟ್ಟಿಕ್ಕುವುದು.

ಇದರೊಡನೆ ಹಬೆಗೂ ದಾರಿ ಮಾಡಿಕೊಡಬೇಕು. ಅಡಿಗೆಯ ಪಾತ್ರೆಗೂ ಹಂಡೆಗೂ ಮುಚ್ಚಳವಿರಲಿ. ಸ್ನಾನವಾದ ಮೇಲೆ ಬಚ್ಚಲಿನ ಕಿಟಕಿ ತೆರೆದು ಒಳಬಾಗಿಲು ಮುಚ್ಚಿರಲಿ. ಉಗ್ರಾಣದ ಕ್ರಮ ಬೇರೆ: ಮಳೆಗಾಲದಲ್ಲಿ ಹೊರಗಣ ಗಾಳಿಯೇ ತೇವದಿಂದ ತುಂಬಿರುವುದರಿಂದ ಅದರ ಕಿಟಕಿಯನ್ನು ಹಗಲೆಲ್ಲ ತೆರೆದಿಡುವುದು ಉಚಿತವಲ್ಲ. ಹೊಸದಾಗಿ ಮನೆ ಕಟ್ಟಿಸುವವರು ತಣ್ಣೀರಿನ ಕೊಳವೆಯನ್ನು ಉಗ್ರಾಣದ ಮೇಲೂ ಮರದ ತೊಲೆಗಳ ಪಕ್ಕದಲ್ಲೂ ಹಾಯಿಸದಿದ್ದರೆ ಎಷ್ಟೋ ಕ್ಷೇಮ.

ಗೋಡೆ ಒಡೆಯುವ ಮೊದಲು ಒಂದು ತುಂಡು ಪ್ಲಾಸ್ಟಿಕ್ ಹಾಳೆಯಿಂದ ಸತ್ಯವನ್ನರಿಯುವುದು ಜಾಣತನ. ಮಳೆಗಾಲ ಹಿಡಿಯುವ ಮುನ್ನ ವಾಚಕರು ತಮ್ಮ ಮನೆಯ ಕೊಳವೆಗಳ ಮೇಲೆ ಒಮ್ಮೆ ಕೈಯಾಡಿಸಿ ನೋಡಬೇಕೆಂದು ನಮ್ಮ ವಿಜ್ಞಾಪನೆ.