ಬಡಾವಣೆಯ ಭದ್ರತೆ: ಎಣಿಕೆ ಹೇಳುವುದೇನು?

ಮನೆ ಹುಡುಕುವ ಸಂಸಾರಸ್ಥನು ಬಾಡಿಗೆಯನ್ನೂ ನೀರಿನ ಸೌಕರ್ಯವನ್ನೂ ವಿಚಾರಿಸಿದ ಬಳಿಕ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಇಲ್ಲಿ ಕಳ್ಳಕಾಕರ ಭಯವಿದೆಯೆ?” ಬೆಳಗಾವಿಯ ಟಿಳಕವಾಡಿಯಲ್ಲಾಗಲಿ, ಶಹಾಪುರದಲ್ಲಾಗಲಿ, ಸುಮಾರು 25 ಕಿಲೋಮೀಟರು ದೂರದ ಖಾನಾಪುರದಲ್ಲಾಗಲಿ ಇದಕ್ಕೆ ದೊರೆಯುವ ಉತ್ತರ ಸಾಮಾನ್ಯವಾಗಿ ಕೇಳಿದ ಮಾತೇ ಹೊರತು ಅಳೆದ ಮಾತಲ್ಲ. ಆದರೂ ಅದನ್ನು ನಂಬಿ ಒಬ್ಬ ತಂದೆ ಮಗಳ ಸಂಜೆಯ ಪಾಠವನ್ನು ಬಿಡಿಸುತ್ತಾನೆ. ಒಂದು ಓಣಿಯ ಹೆಸರು ಕೆಟ್ಟು ಅಲ್ಲಿನ ಮನೆಗಳು ಖಾಲಿ ಬೀಳುತ್ತವೆ. ಇಷ್ಟು ಭಾರ ಹೊರುವ ಮಾತನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡುವುದು ಯುಕ್ತ.

ಪ್ರಮಾಣದ ಲೆಕ್ಕ

ಬರಿಯ ಸಂಖ್ಯೆಯಿಂದ ಎರಡು ಊರುಗಳನ್ನು ಹೋಲಿಸಲಾಗದು. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ 5 ಲಕ್ಷಕ್ಕೆ ಸಮೀಪವಿದ್ದರೆ, ಇಡೀ ಖಾನಾಪುರ ತಾಲ್ಲೂಕಿನದು ಅದರ ಅರ್ಧದಷ್ಟು. ಆದುದರಿಂದಲೇ ಅಪರಾಧಗಳನ್ನು ಲಕ್ಷ ಜನರಿಗೆ ಇಷ್ಟು ಎಂದು ಹೇಳುವ ರೂಢಿ. ಆದರೆ ಈ ಭಾಗಾಕಾರದಲ್ಲಿಯೂ ಎಡವಲು ಅವಕಾಶವುಂಟು. 2014ರಲ್ಲಿ ಬೆಳಗಾವಿಗೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಏರ್ಪಟ್ಟಿತು. ನಗರದೊಡನೆ ಸುತ್ತಣ ಕೆಲವು ಹಳ್ಳಿಗಳೂ ಅದಕ್ಕೆ ಸೇರಿದವು. ಖಾನಾಪುರ ಮಾತ್ರ ಜಿಲ್ಲಾ ಪೊಲೀಸರ ಲೆಕ್ಕದಲ್ಲಿಯೇ ಉಳಿಯಿತು. ಕಮಿಷನರೇಟಿನ ಅಪರಾಧಗಳನ್ನು ಬರಿಯ ನಗರದ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಉತ್ತರ ದಿಟವಾದುದಕ್ಕಿಂತ ಹೆಚ್ಚಾಗಿರುತ್ತದೆ.

ಸಣ್ಣ ಊರಿನಲ್ಲಿ ತೊಡಕು ಇನ್ನೂ ಹೆಚ್ಚು. 2000 ಜನರಿರುವ ಒಂದು ಹಳ್ಳಿಯಲ್ಲಿ ವರ್ಷದಲ್ಲಿ ಒಂದು ಕೊಲೆ ನಡೆಯಿತೆಂದು ಭಾವಿಸೋಣ. ಲಕ್ಷಕ್ಕೆ 50 ಎಂದಾಯಿತು! 2022ರಲ್ಲಿ ಇಡೀ ದೇಶದ ಸರಾಸರಿ ಲಕ್ಷಕ್ಕೆ ಸುಮಾರು 2 ಮಾತ್ರ. ಮರುವರ್ಷ ಆ ಹಳ್ಳಿಯ ಪ್ರಮಾಣ ಸೊನ್ನೆಗೆ ಇಳಿಯುತ್ತದೆ. ಹಳ್ಳಿಯು ಮೊದಲು ನರಕವೂ ಅಲ್ಲ, ಬಳಿಕ ಸ್ವರ್ಗವೂ ಅಲ್ಲ.

ಪ್ವಾಸೋನನ ನಿಯಮ

ಇಂತಹ ಏರಿಳಿತಕ್ಕೂ ಒಂದು ನಿಯಮವಿದೆ. ಫ್ರಾನ್ಸಿನ ಗಣಿತಜ್ಞ ಪ್ವಾಸೋನನು 1837ರಲ್ಲಿ ನ್ಯಾಯಾಲಯದ ತೀರ್ಪುಗಳನ್ನು ಕುರಿತ ಗ್ರಂಥದಲ್ಲಿ ಅದನ್ನು ತಿಳಿಸಿದನು. 1910ರಲ್ಲಿ ರುದರ್‌ಫರ್ಡ್ ಮತ್ತು ಗೈಗರ್ ಅವರು ವಿಕಿರಣಪಟು ವಸ್ತುವಿನಿಂದ ಹೊರಟ ಆಲ್ಫಾ ಕಣಗಳನ್ನು ಎಣಿಸಿದಾಗ ಅವೂ ಇದೇ ನಿಯಮಕ್ಕೆ ಒಳಪಟ್ಟಿರುವುದು ಕಂಡುಬಂತು. ಒಂದಕ್ಕೊಂದು ಸಂಬಂಧವಿಲ್ಲದೆ ಅಪರೂಪವಾಗಿ ಘಟಿಸುವ ಸಂಗತಿಗಳ ಎಣಿಕೆಯು ಸರಾಸರಿಯ ವರ್ಗಮೂಲದಷ್ಟು ಹೆಚ್ಚುಕಡಮೆ ಆಗುವುದು ಸಹಜವೆಂಬುದೇ ಅದರ ಮುಖ್ಯ ಫಲ.

ಬಡಾವಣೆಯೊಂದರಲ್ಲಿ ವರ್ಷಕ್ಕೆ ಸರಾಸರಿ 4 ಮನೆಗಳ್ಳತನಗಳಾಗುತ್ತವೆ ಎನ್ನೋಣ. 4ರ ವರ್ಗಮೂಲ 2. ಆದುದರಿಂದ ಒಂದು ವರ್ಷ 2, ಇನ್ನೊಂದು ವರ್ಷ 6 ಆದರೆ ಅಚ್ಚರಿಪಡಬೇಕಾದುದಿಲ್ಲ. 7 ಅಥವಾ ಹೆಚ್ಚು ಆಗುವ ಸಂಭವವೂ 9ರಲ್ಲಿ 1ರಷ್ಟಿದೆ. ಇಂತಹ 40 ಬಡಾವಣೆಗಳಿದ್ದರೆ, ಯಾವ ಹೊಸ ಕಾರಣವೂ ಇಲ್ಲದೆಯೇ ಪ್ರತಿವರ್ಷ ನಾಲ್ಕೈದು ಬಡಾವಣೆಗಳು ‘ಕೆಟ್ಟುಹೋದಂತೆ’ ತೋರುವುವು. ಇಡೀ ನಗರದಲ್ಲಿ 400 ಇದ್ದುದು 800 ಆದರೆ ಮಾತೇ ಬೇರೆ. 400ರ ವರ್ಗಮೂಲ ಕೇವಲ 20. ಅಷ್ಟು ದೊಡ್ಡ ಏರಿಕೆ ಆಕಸ್ಮಿಕವಾಗಿರಲಾರದು.

ನಿಯಮ ಮುರಿಯುವಲ್ಲಿ

ಆದರೆ ಆಲ್ಫಾ ಕಣಕ್ಕೂ ಕಳ್ಳನಿಗೂ ಒಂದು ಭೇದವಿದೆ: ಕಣಕ್ಕೆ ನೆನಪಿಲ್ಲ, ಕಳ್ಳನಿಗೆ ಇದೆ. ಒಮ್ಮೆ ಹೊಕ್ಕ ಮನೆಯ ಬಾಗಿಲು, ಹಿತ್ತಲು, ದಾರಿ ಅವನಿಗೆ ಪರಿಚಿತ. ಆದುದರಿಂದ ಕಳವಾದ ಮನೆಗೂ ಅದರ ನೆರೆಮನೆಗಳಿಗೂ ಮುಂದಿನ ಕೆಲವು ವಾರಗಳಲ್ಲಿ ಅಪಾಯ ಹೆಚ್ಚೆಂದು ಹಲವು ದೇಶಗಳ ಸಂಶೋಧಕರು ಕಂಡಿದ್ದಾರೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕಿರ್ಕ್‌ಹೋಲ್ಟ್ ಬಡಾವಣೆಯಲ್ಲಿ 1986ರ ಸುಮಾರಿಗೆ ಇದನ್ನೇ ಆಧರಿಸಿ ಪ್ರಯೋಗವೊಂದನ್ನು ಕೈಗೊಂಡರು. ಕಳವಾದ ಮನೆಯ ಬೀಗಗಳನ್ನು ಭದ್ರಪಡಿಸಿದರು. ಹಣ ಹಾಕುವ ಮೀಟರುಗಳನ್ನು ತೆಗೆಸಿದರು. ಅಕ್ಕಪಕ್ಕದ ಐದಾರು ಮನೆಯವರನ್ನು ಕಣ್ಣಿಡುವಂತೆ ಒಪ್ಪಿಸಿದರು. ಒಂದೇ ವರ್ಷದಲ್ಲಿ ಕಳವುಗಳು ಅರ್ಧಕ್ಕೂ ಕಡಮೆಯಾದುವು. ನೆರೆಮನೆಯಲ್ಲಿ ಕಳವಾದ ಮರುದಿನವೇ ನಮ್ಮ ಚಿಲಕವನ್ನು ನೋಡಿಕೊಳ್ಳುವುದು ಪುಕ್ಕಲುತನವಲ್ಲ, ಲೆಕ್ಕಾಚಾರ.

ದೀಪದ ಗಣಿತ

ಇನ್ನು ಬೀದಿದೀಪ. 8 ಮೀಟರು ಎತ್ತರದ ಕಂಬದಲ್ಲಿ ಎಲ್ಲ ದಿಕ್ಕಿಗೂ ಸಮನಾಗಿ ಬೆಳಗುವ ದೀಪವಿದೆ ಎನ್ನೋಣ. ಬುಡದಿಂದ 16 ಮೀಟರು ಸರಿದರೆ ದೀಪಕ್ಕಿರುವ ದೂರ ಸುಮಾರು 18 ಮೀಟರು. ವಿಲೋಮವರ್ಗ ನಿಯಮದಂತೆ ಬೆಳಕು 5ರಲ್ಲಿ 1 ಪಾಲಾಗುತ್ತದೆ. ಕಿರಣಗಳು ಓರೆಯಾಗಿ ಬೀಳುವುದರಿಂದ ನೆಲಕ್ಕೆ ದೊರೆಯುವುದು ಬುಡದಲ್ಲಿದ್ದುದರ 11ರಲ್ಲಿ 1 ಪಾಲು ಮಾತ್ರ. ಕಂಬಗಳ ನಡುವೆ 32 ಮೀಟರು ಅಂತರವಿದ್ದು ಒಂದು ದೀಪ ಕೆಟ್ಟರೆ, ಅದರ ಬುಡಕ್ಕೆ ಎರಡೂ ಕಡೆಯ ಕಂಬಗಳಿಂದ ಬರುವ ಬೆಳಕು ಮೊದಲಿನ ಸುಮಾರು 35ರಲ್ಲಿ 1 ಪಾಲು. ಪ್ರಖರ ಬೆಳಕಿನಿಂದ ಬಂದ ಕಣ್ಣಿಗೆ ಆ ಕತ್ತಲೆಯಲ್ಲಿ ನಿಂತವನು ತಟ್ಟನೆ ಕಾಣಿಸನು. ಆದುದರಿಂದ ಒಂದೆರಡು ಭಾರಿ ದೀಪಗಳಿಗಿಂತ ಸಮನಾಗಿ ಹರಡಿದ ಸಾಧಾರಣ ದೀಪಗಳೇ ಮೇಲು. ನ್ಯೂಯಾರ್ಕಿನ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ, ಚೀಟಿ ಎತ್ತಿದಂತೆ ಆಯ್ದ ಸ್ಥಳಗಳಿಗೆ ಹೆಚ್ಚಿನ ದೀಪ ಒದಗಿಸಿದಾಗ, ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧಗಳು ಮೂರರಲ್ಲೊಂದು ಪಾಲಿನಷ್ಟು ಇಳಿದುವು.

ದಾಖಲಾಗದ ಎಣಿಕೆ

ಗೈಗರ್ ಎಣಿಕೆಯಂತ್ರವು ತನ್ನನ್ನು ಹೊಕ್ಕ ಕಣಗಳನ್ನೆಲ್ಲ ಎಣಿಸುವುದಿಲ್ಲ. ಪೊಲೀಸ್ ದಫ್ತರವೂ ಹಾಗೆಯೇ. ದೂರು ಕೊಟ್ಟವರದು ಮಾತ್ರ ಅಲ್ಲಿ ಸೇರುತ್ತದೆ. ಖಾನಾಪುರದ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಕಾಡಿನ ಹಳ್ಳಿಗನಿಗೆ ಮಳೆಗಾಲದಲ್ಲಿ ಠಾಣೆಯವರೆಗೆ ಹೋಗುವುದು, ನಗರದವನಿಗಿದ್ದಷ್ಟು ಸುಲಭವಲ್ಲ. ಮರ್ಯಾದೆಗೆ ಅಂಜಿ ಹೆಣ್ಣುಮಕ್ಕಳು ನುಂಗಿಕೊಂಡ ಕಿರುಕುಳವಂತೂ ಯಾವ ಪಟ್ಟಿಯಲ್ಲಿಯೂ ಇರದು. ಹೀಗಾಗಿ ದಾಖಲೆಯ ಸಂಖ್ಯೆ ಏರಿದಾಗ, ಅಪರಾಧ ಏರಿತೋ ದೂರು ಕೊಡುವ ಧೈರ್ಯ ಏರಿತೋ ಎಂದು ಕೇಳಬೇಕು. 112ಕ್ಕೆ ಕರೆ ಮಾಡಿದರೆ ನೆರವು ದೊರೆಯುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು.

ವಿದ್ಯಾರ್ಥಿಗಳು ಒಂದು ಸಂಜೆ ತಮ್ಮ ಬಡಾವಣೆಯ ನಕ್ಷೆ ಬರೆದು, ಉರಿಯುವ ಮತ್ತು ಉರಿಯದ ದೀಪಗಳನ್ನು ಗುರುತಿಸಲಿ. ಆ ಹಾಳೆಯನ್ನು ಬೆಳಗಾವಿಯವರು ಮಹಾನಗರಪಾಲಿಕೆಗೆ, ಖಾನಾಪುರದವರು ಪಟ್ಟಣ ಪಂಚಾಯತಿಗೆ ಒಪ್ಪಿಸಲಿ. “ಆ ಓಣಿ ಸರಿಯಿಲ್ಲ” ಎಂಬ ಮಾತಿಗಿಂತ “ಆ ಓಣಿಯ ಮೂರನೆಯ ಕಂಬದ ದೀಪ ಸರಿಯಿಲ್ಲ” ಎಂಬ ಮಾತು ಹೆಚ್ಚು ಉಪಯುಕ್ತ. ಏಕೆಂದರೆ ಎರಡನೆಯದನ್ನು ನಾಳೆಯೇ ಸರಿಪಡಿಸಬಹುದು.