ಪೀಪಾಯಿಗಿಂತ ಹಳೆಯ ವೈನ್

ಸ್ಪೇನಿನ ರಿಯೋಹಾ ಎಂದರೆ ಓಕ್ ಮರದ ಪೀಪಾಯಿ, ಪೀಪಾಯಿ ಎಂದರೆ ವೆನಿಲಾ ಮತ್ತು ಕೊಬ್ಬರಿಯ ಪರಿಮಳ. ವೈನ್ ಬಲ್ಲವರ ನಡುವೆ ಈ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮರದಲ್ಲಿ ವರ್ಷಗಟ್ಟಲೆ ಕಳೆದ ವೈನಿಗೆ ಸಂಪ್ರದಾಯದ ಮರ್ಯಾದೆ. ಮರ ಮುಟ್ಟದ ಕೆಂಪು ವೈನ್ ಎಳೆಯದು, ಅಗ್ಗದ್ದು, ಊಟದ ಜೊತೆ ಕುಡಿದು ಮರೆಯುವಂಥದ್ದು. ಚರಿತ್ರೆಯ ಕಡೆಯಿಂದ ನೋಡಿದರೆ ಈ ಹಿರಿಕಿರಿತನ ಪೂರ್ತಿ ತಿರುವುಮುರುವು. ಎಬ್ರೊ ನದಿಗೂ ಕಾಂತಾಬ್ರಿಯಾ ಬೆಟ್ಟಸಾಲಿಗೂ ನಡುವೆ ಇರುವ ರಿಯೋಹಾ ಅಲವೇಸಾದ ಲಾಗ್ವಾರ್ದಿಯಾ, ವಿಲ್ಯಾಬುವೆನಾ, ಬಾನ್ಯೋಸ್ ದೆ ಎಬ್ರೊ ಊರುಗಳಲ್ಲಿ ಸಣ್ಣ ರೈತ ಕುಟುಂಬಗಳು ಇವತ್ತಿಗೂ ಮಾಡುವ ಓಕ್ ಇಲ್ಲದ ವೈನೇ ಅಲ್ಲಿನ ಹಿರಿಯ ಪರಂಪರೆ. ಚಿಕ್ಕ ಪೀಪಾಯಿ ಬಂದದ್ದು ಆಮೇಲೆ, ಅದೂ ರುಚಿಗಾಗಿ ಅಲ್ಲ, ದೂರದ ಸಾಗಾಟಕ್ಕಾಗಿ.

ಇದಕ್ಕೆ ಮೊದಲ ಸಾಕ್ಷಿ ಬಂಡೆಗಳಲ್ಲೇ ಇದೆ. ಲಬಸ್ತಿದಾ ಮತ್ತು ಸಾನ್ ವಿಸೆಂತೆ ಸುತ್ತಲಿನ ತೋಟಗಳ ಪಕ್ಕದಲ್ಲಿ ಮಧ್ಯಯುಗದ ಜನ ಕಲ್ಲಿನಲ್ಲಿ ಕೊರೆದ ದ್ರಾಕ್ಷಿ ತುಳಿಯುವ ತೊಟ್ಟಿಗಳು ಇಂದಿಗೂ ಕಾಣಸಿಗುತ್ತವೆ. ಮುಂದೆ ಈ ಕೆಲಸ ಊರೊಳಗಿನ ತೆರೆದ ಕಲ್ಲುತೊಟ್ಟಿಗಳಿಗೆ ಬಂತು. ಅದಕ್ಕೆ ಅಲ್ಲಿ ಲಾಗೊ ಎಂದು ಹೆಸರು. ಕೊಯ್ದ ಗೊಂಚಲನ್ನು ಬಿಡಿಸುವುದಿಲ್ಲ, ಕಡ್ಡಿಯ ಸಮೇತ ಹಾಗೆಯೇ ಒಳಗೆ ಸುರಿಯುತ್ತಾರೆ. ಹೆಚ್ಚಿನ ಪಾಲು ತೆಂಪ್ರನಿಯೊ ಎಂಬ ಕಪ್ಪು ದ್ರಾಕ್ಷಿ. ಜೊತೆಗೆ ವಿಯುರಾ ಎಂಬ ಬಿಳಿ ದ್ರಾಕ್ಷಿಯನ್ನು ಒಂದಿಷ್ಟು ಸೇರಿಸುವುದೂ ಉಂಟು. ಮೇಲಿನ ಭಾರಕ್ಕೆ ಅಡಿಯ ಹಣ್ಣು ಒಡೆದು ರಸ ಹುದುಗಲು ತೊಡಗುತ್ತದೆ, ಅದರಿಂದ ಏಳುವ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನು ತುಂಬಿಕೊಳ್ಳುತ್ತದೆ. ಗಾಳಿ ಸಿಗದ ಇಡೀ ಹಣ್ಣು ಒಡೆಯದೆಯೇ ತನ್ನ ಕಿಣ್ವಗಳಿಂದ ಒಳಗೊಳಗೇ ಹುದುಗತೊಡಗುತ್ತದೆ. ಹುಳಿಯ ಒಂದಂಶ ಕರಗುತ್ತದೆ, ಒಗರು ಕಡಿಮೆ ಉಳಿಯುತ್ತದೆ, ಕೆಂಪು ಹಣ್ಣಿನ ಪರಿಮಳ ಉಕ್ಕುತ್ತದೆ. ಕೆಲವು ದಿನಗಳ ನಂತರ ಗೊಂಚಲುಗಳನ್ನು ತುಳಿದು ತಿರುವಿ ರಸ ಇಳಿಸುತ್ತಾರೆ. ತಾನಾಗಿ ಹರಿದು ಬರುವ ರಸ, ತುಳಿದಾಗ ಬರುವ ನಡುವಿನ ರಸ, ಕೊನೆಗೆ ಹಿಂಡಿ ತೆಗೆದ ರಸ ಎಂದು ಮೂರು ಪಾಲು. ನಡುವಿನದಕ್ಕೆ ಹೆಚ್ಚು ಬೆಲೆ ಕಟ್ಟುವವರು ಬಹಳ. ಫ್ರಾನ್ಸಿನ ನಾರ್ಬೋನಿನಲ್ಲಿ ಮಿಶೆಲ್ ಫ್ಲಾಂಜಿ 1934ರಲ್ಲಿ ಈ ಕ್ರಿಯೆಯ ವೈಜ್ಞಾನಿಕ ಅಧ್ಯಯನ ಆರಂಭಿಸುವ ಹೊತ್ತಿಗೆ ಇಲ್ಲಿನ ರೈತರಿಗೆ ಅದು ತಲೆಮಾರುಗಳ ರೂಢಿಯಾಗಿತ್ತು.

ಹಾಗಾದರೆ ಪೀಪಾಯಿ ಹೇಗೆ ಬಂತು? ಹಳೆಯ ವೈನಿಗೆ ಒಂದು ನಿಜವಾದ ಕೊರತೆ ಇತ್ತು: ಮುಂದಿನ ಬೇಸಿಗೆ ದಾಟುವುದೇ ಕಷ್ಟ. ಚರ್ಮದ ಚೀಲಗಳಲ್ಲಿ, ಹೇಸರಗತ್ತೆಗಳ ಬೆನ್ನ ಮೇಲೆ ಹೊತ್ತೊಯ್ದ ವೈನ್ ಬಹುದೂರ ಹೋಗುತ್ತಿರಲಿಲ್ಲ. ಲಬಸ್ತಿದಾದ ಪಾದ್ರಿ ಮಾನುವೆಲ್ ಕಿಂತಾನೊ 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬೋರ್ಡೊ ಪದ್ಧತಿ ಕಲಿತು ಬಂದು, ಪೀಪಾಯಿಯಲ್ಲಿ ಪಕ್ವಗೊಳಿಸಿದ ವೈನನ್ನು 1795ರಲ್ಲಿ ಹವಾನಾಕ್ಕೆ ಕಳಿಸಿದ. ಅದು ಕೆಡದೆ ತಲುಪಿತು. ಆದರೆ ನೆರೆಯ ಬೆಳೆಗಾರರು ತಿರುಗಿಬಿದ್ದರು. ಅವನ ದುಬಾರಿ ವೈನಿಗೂ ತಮ್ಮದಕ್ಕೂ ಒಂದೇ ಬೆಲೆ ಎಂದಾದಾಗ ಆ ಪ್ರಯತ್ನ ಮುಗಿಯಿತು. 1852ರಲ್ಲಿ ಲುಸಿಯಾನೊ ಮುರ್ರಿಯೆತಾ ಎಂಬ ಇನ್ನೊಬ್ಬ ವೈನ್ ತಯಾರಕ ಮತ್ತೆ ಅದೇ ಕಡಲದಾರಿ ಹಿಡಿದ. 1862ರಲ್ಲಿ ಆಲವಾ ಪ್ರಾಂತ್ಯದ ಆಡಳಿತ ಬೋರ್ಡೊದಿಂದ ಜಾನ್ ಪಿನೋ ಎಂಬ ತಜ್ಞನನ್ನು ಕರೆಸಿ ರೈತರಿಗೆ ಪಾಠ ಹೇಳಿಸಿತು. ವೈನ್ ಚೆನ್ನಾಗಿಯೇ ಬಂತು, ಆದರೆ ಪೀಪಾಯಿಯ ಖರ್ಚು ದೊಡ್ಡದು, ದುಡ್ಡು ಕೈಗೆ ಬರುವುದು ವರ್ಷಗಳ ಮೇಲೆ. ರೈತರು ಕೈಬಿಟ್ಟರು. ಕರಾರು ಮುಗಿದಾಗ ಪಿನೋನನ್ನು ತನ್ನ ಕೆಲಸಕ್ಕೆ ಇಟ್ಟುಕೊಂಡದ್ದು ಎಲ್ಸಿಯೇಗೊದ ಶ್ರೀಮಂತ ಮನೆತನದ ಮಾರ್ಕೇಸ್ ದೆ ರಿಸ್ಕಾಲ್. ನನ್ನ ವಾದದ ತಿರುಳು ಈ ಘಟನೆಯಲ್ಲೇ ಇದೆ. ರೈತರು ಪೀಪಾಯಿ ಬೇಡವೆಂದದ್ದು ಅಜ್ಞಾನದಿಂದಲ್ಲ. 225 ಲೀಟರಿನ ಒಂದು ಪೀಪಾಯಿ ಎಂದರೆ ಇವತ್ತಿನ ಲೆಕ್ಕದಲ್ಲಿ 300 ಬಾಟಲಿ. ಅಷ್ಟು ಸರಕನ್ನು ವರ್ಷಗಟ್ಟಲೆ ಕತ್ತಲಲ್ಲಿ ಕೂಡಿಟ್ಟು ಬದುಕುವುದು ಬಂಡವಾಳ ಇದ್ದವನಿಗಷ್ಟೇ ಸಾಧ್ಯ.

ಉಳಿದದ್ದನ್ನು ರೈಲು ಮತ್ತು ಒಂದು ಕೀಟ ಮಾಡಿದವು. 1860ರ ದಶಕದಲ್ಲಿ ಆರೊ ಪಟ್ಟಣಕ್ಕೆ ರೈಲು ಬಂತು. ಫಿಲೊಕ್ಸೆರಾ ಎಂಬ ಬೇರುಕೀಟ ಫ್ರಾನ್ಸಿನ ತೋಟಗಳನ್ನು ನುಂಗುತ್ತಿದ್ದಂತೆ ಬೋರ್ಡೊ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇಲ್ಲಿಗೆ ಇಳಿದರು. ನಿಲ್ದಾಣದ ಸುತ್ತ ದೊಡ್ಡ ಕಂಪನಿಗಳು ಎದ್ದವು, 1877ರಲ್ಲಿ ಲೋಪೆಸ್ ದೆ ಎರೇದಿಯಾ, 1879ರಲ್ಲಿ ಕೂನೆ. ಅಟ್ಲಾಂಟಿಕ್ ವ್ಯಾಪಾರದಿಂದ ಅಮೆರಿಕದ ಓಕ್ ಸುಲಭಕ್ಕೆ ಸಿಗುತ್ತಿತ್ತು. ಕೊಬ್ಬರಿಯ ಪರಿಮಳದ ಮೂಲ ಆ ಮರ. ಕಾಪಾಡುವ ಪಾತ್ರೆಯ ವಾಸನೆಯೇ ಮುಂದೆ ಒಳಗಿನ ವಸ್ತುವಿನ ಗುಣವೆನಿಸಿಕೊಂಡಿತು. ಚಿಕೋರಿ ಬೆರೆಸದ ಕಾಫಿ ಕುಡಿದು 'ಇದರಲ್ಲಿ ಗಟ್ಟಿತನವೇ ಇಲ್ಲ' ಎನ್ನುವವರು ನಮ್ಮಲ್ಲೂ ಇದ್ದಾರಲ್ಲ! 20ನೇ ಶತಮಾನದ ನಿಯಮಗಳು ಇದಕ್ಕೆ ಮುದ್ರೆ ಒತ್ತಿದವು. ಕೆಂಪು ವೈನ್ ಕ್ರಿಯಾನ್ಸಾ ಎನಿಸಿಕೊಳ್ಳಲು ಎರಡು ವರ್ಷ ಕಳೆಯಬೇಕು, ಅದರಲ್ಲಿ ಒಂದು ಪೀಪಾಯಿಯಲ್ಲಿ. ರಿಸರ್ವಾಗೆ ಮೂರು, ಗ್ರಾನ್ ರಿಸರ್ವಾಗೆ ಐದು. ಉಳಿದದ್ದಕ್ಕೆಲ್ಲ ಬಾಟಲಿಯ ಬೆನ್ನಿಗೆ ಒಂದೇ ಹಸಿರು ಚೀಟಿ. ಮುದಿ ಬಳ್ಳಿಯ ಗೊಂಚಲನ್ನು ಲಾಗೊದಲ್ಲಿ ತುಳಿದು ಮಾಡಿದ ವೈನಿಗೂ ಕಾರ್ಖಾನೆಯಿಂದ ಟ್ಯಾಂಕುಗಟ್ಟಲೆ ಹೊರಡುವ ವೈನಿಗೂ ಅದೇ ಚೀಟಿ.

ಪೀಪಾಯಿಯ ಪರ ವಹಿಸುವವರ ಮಾತಿನಲ್ಲೂ ಹುರುಳಿದೆ. ಮರದ ಸಂದುಗಳಿಂದ ನುಸುಳುವ ಅಲ್ಪ ಗಾಳಿ ಒಗರನ್ನು ಮೆತ್ತಗಾಗಿಸಿ ಬಣ್ಣವನ್ನು ನಿಲ್ಲಿಸುತ್ತದೆ. ಹಳೆಯ ಪೀಪಾಯಿಗಳು ಮರದ ವಾಸನೆ ಹೇರದೆಯೇ ಅದನ್ನು ಮಾಡಬಲ್ಲವು. ಹೊಸ ಮರದ ಅಬ್ಬರ ಹೆಚ್ಚಾಗಿ ಕಳೆದ ಶತಮಾನದ ಕೊನೆಯ ದಶಕಗಳ ಫ್ಯಾಷನ್ನು, ಅದನ್ನು ಪೀಪಾಯಿಯ ಇಡೀ ಚರಿತ್ರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಲಾಗೊದ ವೈನ್ ಬಹುಮಟ್ಟಿಗೆ ವರ್ಷ ಎರಡು ವರ್ಷದೊಳಗೆ ಕುಡಿಯುವಂಥದ್ದು ಎಂಬುದೂ ನಿಜ. ಆದರೆ ಬಾಳಿಕೆಯೊಂದೇ ಗುಣದ ಅಳತೆಗೋಲು ಎಂಬುದು ಸಾಗಾಟದ ಕಾಲದ ತರ್ಕ. ಶುಚಿಯಾದ ತೊಟ್ಟಿ, ಗಾಜಿನ ಬಾಟಲಿ, ತಂಪಾದ ನೆಲಮಾಳಿಗೆ ಇರುವ ಇಂದು ಆ ವೈನ್ ಹವಾನಾ ತಲುಪಲು ಮರವೇ ಬೇಕೆಂದಿಲ್ಲ. ಇನ್ನು ಕೆಲವರು ಲಾಗೊಗಳೇ ಈಗ ಸಿಮೆಂಟು, ಉಕ್ಕಿಗೆ ಬದಲಾಗಿರುವಾಗ ಪರಂಪರೆ ಎಲ್ಲಿ ಉಳಿಯಿತು ಎನ್ನುತ್ತಾರೆ. ಇಡೀ ಗೊಂಚಲನ್ನು ಸುರಿಯುವ, ತುಳಿಯುವ, ಪಾಲು ಬೇರ್ಪಡಿಸುವ ಕ್ರಮ ಉಳಿದಿರುವತನಕ ಗೋಡೆ ಯಾವುದಾದರೇನು? ಸಿಮೆಂಟು ವೈನಿಗೆ ತನ್ನ ರುಚಿ ಸೇರಿಸುವುದಿಲ್ಲ.

ಇವತ್ತು ಲಾಗೊದ ದಾರಿಗೆ ಒಲಿಯುವವರಲ್ಲಿ ಸಾವಯವ ಬೇಸಾಯದ ಸಣ್ಣ ಮನೆತನಗಳೂ ಇವೆ; ಅದಕ್ಕೆ ಕಾನೂನು ಕಾರಣವಲ್ಲ. ಯುರೋಪಿನಲ್ಲಿ ವೈನಿಗೆ ಪ್ರತ್ಯೇಕ ಸಾವಯವ ನಿಯಮ ಬಂದದ್ದೇ 2012ರಲ್ಲಿ. ಅದಕ್ಕೂ ಮುನ್ನ 'ಸಾವಯವ ದ್ರಾಕ್ಷಿಯಿಂದ ಮಾಡಿದ್ದು' ಎಂದಷ್ಟೇ ಬರೆಯಬಹುದಿತ್ತು. ಒಣ ಕೆಂಪು ವೈನಿಗೆ ಗಂಧಕದ ಡೈಆಕ್ಸೈಡಿನ ಮಿತಿಯನ್ನು ಲೀಟರಿಗೆ 150ರಿಂದ 100 ಮಿಲಿಗ್ರಾಮಿಗೆ ಇಳಿಸಿದ ಆ ನಿಯಮ ಓಕನ್ನು ತಡೆಯುವುದಿಲ್ಲ. ಕಾರಣ ಹೊಲದಲ್ಲಿದೆ. ಕಳೆನಾಶಕ ಬಿಟ್ಟು, ಕಡಿಮೆ ಇಳುವರಿಗೆ ಒಪ್ಪಿ, ಕೈಯಿಂದಲೇ ಕೊಯ್ದು ತಂದ ಹಣ್ಣಿನ ಮೇಲೆ ವೆನಿಲಾ ಹೊದಿಸಿದರೆ ಆ ದುಡಿಮೆ ಯಾರ ನಾಲಿಗೆಗೆ ಗೊತ್ತಾಗಬೇಕು? ಲಾಗೊದ ವೈನಿನಲ್ಲಿ ಕೆಟ್ಟ ಹಣ್ಣನ್ನು ಮರೆಮಾಚಲು ಏನೂ ಇರುವುದಿಲ್ಲ. ಮರುವರ್ಷದ ಗೊಬ್ಬರ, ಕೂಲಿಗೆ ದುಡ್ಡು ಬೇಗ ತಿರುಗುತ್ತದೆಂಬುದು ಇನ್ನೊಂದು ಅನುಕೂಲ. 1860ರ ದಶಕದ ರೈತನ ಲೆಕ್ಕವೂ ಅದೇ ಆಗಿತ್ತು.

2017ರಲ್ಲಿ ರಿಯೋಹಾದ ನಿಯಂತ್ರಣ ಮಂಡಳಿ ಏಕತೋಟದ ವೈನಿಗೆ ಹೊಸ ವರ್ಗ ತೆರೆಯಿತು: ಬಳ್ಳಿಗೆ ಕನಿಷ್ಠ 35 ವರ್ಷ, ಕೈಕೊಯ್ಲು, ಕಡಿಮೆ ಇಳುವರಿ. ಮರದಲ್ಲಿ ಕಳೆದ ತಿಂಗಳಿಗಿಂತ ಮಣ್ಣಿಗೆ ಬೆಲೆ ಕೊಡುವ ಹೆಜ್ಜೆಯಿದು, ಸ್ವಾಗತಿಸಬೇಕಾದ್ದೇ. ಆದರೂ ಅಲವೇಸಾದ ಲಾಗೊಗಳಲ್ಲಿ ಒಂದೇ ತೋಟದ ಹಣ್ಣು ಇರುವುದು ಅಪರೂಪ. ಪಾಲಿಗೆ ಬಂದ ಹತ್ತಾರು ತುಂಡು ಜಮೀನುಗಳ ದ್ರಾಕ್ಷಿಯನ್ನು ಒಂದೇ ತೊಟ್ಟಿಗೆ ಸುರಿಯುವ ಮನೆತನಕ್ಕೆ ಈ ವರ್ಗದಲ್ಲಿ ಜಾಗವಿಲ್ಲ, ಅದರ ಬಾಟಲಿಯ ಬೆನ್ನಿಗೆ ಈಗಲೂ ಅಂಟುವುದು ಆ ಹಸಿರು ಚೀಟಿಯೇ.