ಗುಳೆ ಮನೆಗಳ ಮನಸ್ಸು

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವೆಂದು ಎರಡು ದಿನದ ಮೇಲೆ ಗೊತ್ತಾಯಿತು. ಯಾದಗಿರಿ, ಶಹಾಪುರ, ಸುರಪುರದವರಿಗೆ ಕಲಬುರಗಿ ಪರಊರಲ್ಲ. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಬೇರೆ ಜಿಲ್ಲೆಯಾದ ಮೇಲೂ ಜಡ್ಡು ಜೋರಾದರೆ ಗಾಡಿ ತಿರುಗುತ್ತಿದ್ದುದು ಅತ್ತ ಕಡೆಗೇ. ವಾಸಿಮಾಡಿಕೊಳ್ಳಲು ಹೋಗುವ ಊರೇ ರೋಗದ ಊರಾಯಿತು. ಯಾದಗಿರಿ ಜಿಲ್ಲೆಯಲ್ಲಿ ಮೊದಲ ಸೋಂಕು ಪತ್ತೆಯಾದದ್ದು ಮೇ ಎರಡನೇ ವಾರದಲ್ಲಿ. ಅಂಜಿಕೆ ಮಾತ್ರ ಎರಡು ತಿಂಗಳು ಮೊದಲೇ ಮನೆಮನೆಯೊಳಗೆ ಬಂದು ಕೂತಿತ್ತು.

ಇಲ್ಲಿನ ಎಷ್ಟೋ ಸಂಸಾರಗಳು ಎರಡು ಕಡೆ ಬಾಳುತ್ತವೆ. ಗಂಡ ಹೆಂಡತಿ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ. ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ. ಮಾರ್ಚ್ 25ಕ್ಕೆ ದೇಶಕ್ಕೆ ಬೀಗ ಬಿದ್ದಾಗ ಇಂಥ ಮನೆಗಳಿಗೆ ಉಳಿದದ್ದು ಮೊಬೈಲ್ ಒಂದೇ. ಆ ಕಡೆಯವರು ಹಸಿದಿದ್ದರೂ 'ಉಂಡೀವಿ' ಅನ್ನುವುದು, ಈ ಕಡೆಯವರು ಕೂಸಿಗೆ ಜ್ವರವಿದ್ದರೂ 'ಆರಾಮ ಅದಾನ' ಅನ್ನುವುದು. ಒಬ್ಬರ ಚಿಂತೆ ಇನ್ನೊಬ್ಬರಿಗೆ ಹತ್ತದಂತೆ ನೋಡಿಕೊಳ್ಳುವುದೇ ಆಗ ಅವರಿಗೆ ತಿಳಿದಿದ್ದ ಧೈರ್ಯ. ಮೇ ಮೊದಲ ವಾರದಲ್ಲಿ ಬಿಲ್ಡರುಗಳ ಜೊತೆ ಮಾತುಕತೆಯಾದ ಬೆನ್ನಿಗೆ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ವಿಶೇಷ ರೈಲುಗಳನ್ನು ನಿಲ್ಲಿಸಿತು, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಊರು ಮುಟ್ಟುತ್ತೇವೋ ಇಲ್ಲವೋ ಎಂಬ ಆ ಕೆಲವು ದಿನಗಳ ಸಂಕಟ ಯಾವ ಕಡತದಲ್ಲೂ ದಾಖಲಾಗಿಲ್ಲ.

ಬಂದವರಿಗೆ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್. ಮಹಾರಾಷ್ಟ್ರದಿಂದ ಮರಳಿದವರಲ್ಲಿ ಸೋಂಕು ಕಾಣತೊಡಗಿ ಜೂನ್ ಹೊತ್ತಿಗೆ ರಾಜ್ಯದಲ್ಲೇ ಹೆಚ್ಚು ಪ್ರಕರಣಗಳ ಜಿಲ್ಲೆಗಳ ಸಾಲಿನಲ್ಲಿ ಯಾದಗಿರಿಯ ಹೆಸರೂ ಬಂತು. 'ಮುಂಬೈದವರು' ಅಂದರೆ ಬ್ಯಾನಿ ತಂದವರು ಎಂಬಂತಾಯಿತು. ಹಬ್ಬಕ್ಕೆ ಬಂದಾಗ ಓಣಿಯೆಲ್ಲ ಕರೆದು ಮಾತಾಡಿಸುತ್ತಿದ್ದ ಜನ ಈಗ ಅದೇ ಮನೆಯ ಮುಂದೆ ಮುಖ ತಿರುಗಿಸಿ ನಡೆದರು. ಅವರು ಕಳಿಸಿದ ದುಡ್ಡಿನಲ್ಲಿ ತಂಗಿಯ ಮದುವೆಯಾಗಿತ್ತು, ಮನೆಗೆ ಸ್ಲ್ಯಾಬ್ ಬಿದ್ದಿತ್ತು, ಊರಿನ ಅಂಗಡಿಗಳ ಉದ್ರಿ ತೀರಿತ್ತು. ರೋಗ ಹದಿನಾಲ್ಕು ದಿನಕ್ಕೆ ಹೋಗುತ್ತದೆ. ತನ್ನ ಊರೇ ತನ್ನನ್ನು ದೂರ ಇಟ್ಟಿತೆಂಬ ನೋವು ಹಾಗೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಈ ಭಾಗದ ಸಂಸಾರಗಳಿಗೆ ಬಿದ್ದ ದೊಡ್ಡ ಏಟು ಇದೇ.

ಹಾಗಿದ್ದೂ ಅವು ಹೇಗೆ ತಾಳಿಕೊಂಡವು? ಸಮಾಲೋಚಕರು ಬಂದು ಕೂತದ್ದರಿಂದಲ್ಲ. ತಲೆಗೆ 5 ಕಿಲೋ ಪುಕ್ಕಟೆ ಪಡಿತರ ಬಂತು. ಹಸಿವಿನ ಚಿಂತೆ ಇಳಿದರೆ ರಾತ್ರಿ ಒಂದಿಷ್ಟಾದರೂ ನಿದ್ದೆ ಹತ್ತುತ್ತದೆ. ಉದ್ಯೋಗ ಖಾತರಿಯಲ್ಲಿ ದಿನಕ್ಕೆ 275 ರೂಪಾಯಿಯ ಕೂಲಿ ಸಿಕ್ಕಿತು. ಕೆರೆ ಹೂಳು, ಹೊಲದ ಬದುವಿನ ಕೆಲಸವೆಂದು ಆಡಳಿತ ಅದನ್ನು ಲೆಕ್ಕ ಹಾಕಿತು. ಅಲ್ಲಿ ನಡೆದದ್ದು ಅದಕ್ಕಿಂತ ಹೆಚ್ಚು: ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತವರು ನಾಲ್ಕು ಜನರ ನಡುವೆ ಬುಟ್ಟಿ ಎತ್ತಿದರು, ಬುತ್ತಿ ಬಿಚ್ಚಿ ರೊಟ್ಟಿ ಹಂಚಿಕೊಂಡರು, ದುಃಖ ಹೇಳಿಕೊಂಡರು. ಒಂದು ಜಿಲ್ಲೆಯ ಮನಸ್ಸನ್ನು ಹಿಡಿದಿಟ್ಟದ್ದರಲ್ಲಿ ಆ ಕೂಲಿಗೆ ಸಲ್ಲಬೇಕಾದ ಪಾಲು ಇನ್ನೂ ಸಂದಿಲ್ಲ.

ಭಾರವೆಲ್ಲ ಹೆಚ್ಚಾಗಿ ಬಿದ್ದದ್ದು ಹೆಂಗಸರ ಮೇಲೆ. ದುಡಿಮೆಯಿಲ್ಲದ ಗಂಡನ ಸಿಟ್ಟು, ಶಾಲೆಯಿಲ್ಲದ ಮಕ್ಕಳ ರಂಪ, ಅತ್ತೆಯ ಕೆಮ್ಮು ಎಲ್ಲವೂ ಒಂದೇ ಕೋಣೆಯಲ್ಲಿ. 'ಎದಿ ಹೊಡ್ಕೋತದ', 'ನಿದ್ದಿ ಬರವಲ್ದು' ಎಂದು ಆಶಾ ಕಾರ್ಯಕರ್ತೆಯ ಮುಂದೆ ಹೇಳುವುದೇ ಇಲ್ಲಿ ಮನಸ್ಸಿನ ನೋವು ಹೇಳಿಕೊಳ್ಳುವ ಬಗೆ. 2011ರ ಜನಗಣತಿಯಲ್ಲಿ ಶೇ 51.83ರ ಸಾಕ್ಷರತೆಯೊಂದಿಗೆ ರಾಜ್ಯದಲ್ಲೇ ಕೊನೆಯಲ್ಲಿದ್ದ ಜಿಲ್ಲೆಯಿದು. ಕರಪತ್ರ ಹಂಚಿದರೆ ಆಗದು, ಮನೆಗೆ ಹೋಗಿ ಕೂತು ಕೇಳುವವರು ಬೇಕು.

2021ರ ಎರಡನೇ ಅಲೆಯಲ್ಲಿ ಅಂತ್ಯಕ್ರಿಯೆಗೆ ಐದೇ ಜನ ಎಂಬ ನಿಯಮ ಬಂತು. ಮಣ್ಣಿಗೆ ಊರೇ ಬರುವ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ತವರಿನ ಸಾವಿಗೆ ಹೋಗಲಾಗಲಿಲ್ಲ. ಹಾಡ್ಯಾಡಿ ಅಳುವುದು, ಬೀಗರು ಬುತ್ತಿ ತಂದು ಉಣ್ಣಿಸುವುದು ನಡೆಯಲಿಲ್ಲ. ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮೊಹರಂನ ಅಲಾಯಿ ಕುಣಿತಕ್ಕೂ 2020ರಿಂದಲೇ ನಿರ್ಬಂಧ ಬಿದ್ದಿತ್ತು. ದುಃಖ ಇಳಿಸಿಕೊಳ್ಳಲು ಜನ ತಾವೇ ಕಟ್ಟಿಕೊಂಡಿದ್ದ ದಾರಿಗಳಿವು. ಸೋಂಕು ತಡೆಯಲು ನಿಯಮ ಬೇಕಿತ್ತು, ಒಪ್ಪೋಣ. ಆಮೇಲಾದರೂ ಆ ಮನೆಗಳ ಕಡೆ ಯಾರಾದರೂ ತಿರುಗಿ ನೋಡಬಾರದಿತ್ತೇ?

ಮೊದಲ ವರ್ಷದಲ್ಲೇ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಏರಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಬಡ ದೇಶಗಳ ಸಂಸಾರಗಳನ್ನು 'ಗಟ್ಟಿ ಜನ' ಎಂದು ಹೊಗಳುವವರು ಬಹಳ. ಆ ಹೊಗಳಿಕೆ ಸರ್ಕಾರದ ಹೊಣೆಯನ್ನು ಮರೆಸುತ್ತದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಸಿಬ್ಬಂದಿಯೇ ತರಬೇತಿ ಪಡೆದು ಮನಸ್ಸಿನ ಕಾಯಿಲೆ ಗುರುತಿಸಬಲ್ಲರೆಂದು ಕಲ್ಯಾಣ ಕರ್ನಾಟಕದ ನೆಲದಲ್ಲೇ ತೋರಿಸಿಕೊಟ್ಟ ಕೆಲಸವದು. ಶಹಾಪುರ, ಸುರಪುರದ ಆಸ್ಪತ್ರೆಗಳಿಗೂ ಅದು ಪೂರ್ಣವಾಗಿ ಬರಲಿ. ಆಶಾ ಕಾರ್ಯಕರ್ತೆಯರಿಗೆ ತರಬೇತಿಯ ಜೊತೆ ಅದಕ್ಕೆ ತಕ್ಕ ಗೌರವಧನವೂ ಸಿಗಲಿ.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಆ ವರ್ಷಗಳಿಂದ ಸರಿಯಾಗಿ ಮಲಗದವರು, ಮಾತು ಬಿಟ್ಟವರು ಇದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಿಂದ ನಡೆದಿರುವ ಈ ಸಹಾಯವಾಣಿಗೆ ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.